ಡೇಕೇರ್ ಫೀಸ್ ಕೇಳಿದ್ರಿ, ನಿಯಮದ ಹಾಳೆ ಓದಿದ್ರಾ?

ಹೆರಿಗೆ ರಜೆ 26 ವಾರ. ಮೊದಮೊದಲು ಅದು ಮುಗಿಯದಷ್ಟು ಉದ್ದ ಅನ್ನಿಸುತ್ತೆ. ಐದನೇ ತಿಂಗಳು ಬಂತೋ, ಮನೆಯಲ್ಲಿ ಪ್ರತಿ ರಾತ್ರಿ ಒಂದೇ ಚರ್ಚೆ: "ಮಗೂನ ಯಾರು ನೋಡ್ಕೊಳ್ತಾರೆ?" ಊರಲ್ಲಿರೋ ಅಜ್ಜಿಗೆ ಮಂಡಿನೋವು, ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿ ಅವರಿಗೆ ಹೊತ್ತೂ ಹೋಗಲ್ಲ. ಇನ್ನೊಬ್ಬ ಅಜ್ಜಿ ಆಗಲೇ ದೊಡ್ಡ ಮಗನ ಮನೆಯಲ್ಲಿ ಮೊಮ್ಮಗನ ಹಿಂದೆ ಓಡ್ತಿದ್ದಾರೆ. ಕೊನೆಗೆ ಅಪಾರ್ಟ್‌ಮೆಂಟ್ ಪಕ್ಕದಲ್ಲೋ ಆಫೀಸಿನ ದಾರಿಯಲ್ಲೋ ಇರುವ ಡೇಕೇರ್‌ಗೆ ಹೋಗಿ ವಿಚಾರಿಸುತ್ತೇವೆ.

ಅಲ್ಲಿ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಫೀಸ್ ಎಷ್ಟು? ಸಿಸಿಟಿವಿ ಮೊಬೈಲ್‌ನಲ್ಲಿ ಕಾಣುತ್ತಾ? ಎಷ್ಟು ಗಂಟೆವರೆಗೆ ನೋಡ್ಕೊಳ್ತೀರಿ? ಅವರು ಉತ್ತರ ಹೇಳಿ, ನಾಲ್ಕೈದು ಪುಟದ ನಿಯಮದ ಹಾಳೆ ಕೈಗಿಡುತ್ತಾರೆ. ನಾವು ಕೊನೆಯ ಪುಟ ತಿರುವಿ ಸಹಿ ಹಾಕಿ ಬರುತ್ತೇವೆ. ಮುಂದಿನ ಎರಡು ಮೂರು ವರ್ಷ ಡೇಕೇರ್ ಜೊತೆ ಆಗುವ ಹೆಚ್ಚಿನ ಮನಸ್ತಾಪಗಳು ಆ ಓದದ ಪುಟಗಳಲ್ಲೇ ಅಡಗಿರುತ್ತವೆ. ಯಾಕಂದ್ರೆ, ನಮಗೆ ಕಿರಿಕಿರಿ ಅನ್ನಿಸುವ ಒಂದೊಂದು ನಿಯಮದ ಹಿಂದೆಯೂ ನಾವು ನೋಡದ ಮಗುವಿನ ಒಂದು ದಿನ ಇದೆ. ಎಲ್ಲಿ ನಾವು ಹೊಂದಿಕೊಳ್ಳಬೇಕು, ಎಲ್ಲಿ ಅವರನ್ನು ಬಿಗಿಯಾಗಿ ಕೇಳಬೇಕು? ಒಂದೊಂದಾಗಿ ನೋಡೋಣ.

ಮೊದಲ ದಿನ ಒಂದೇ ಗಂಟೆ

"ಸೋಮವಾರದಿಂದ ಆಫೀಸ್ ಶುರು, ಸೋಮವಾರದಿಂದಲೇ ಮಗೂನ ಬಿಡ್ತೀವಿ" ಅಂತ ಹೋಗುವವರೇ ಜಾಸ್ತಿ. ಒಳ್ಳೆಯ ಡೇಕೇರ್‌ಗಳು ಇದಕ್ಕೆ ಒಪ್ಪಲ್ಲ. ಮೊದಲ ಎರಡು ದಿನ ಒಂದು ಗಂಟೆ, ಅಪ್ಪನೋ ಅಮ್ಮನೋ ಜೊತೆಗೇ ಇರಬೇಕು. ಆಮೇಲೆ ಎರಡು ಗಂಟೆ, ಊಟದವರೆಗೆ, ನಿದ್ದೆಯವರೆಗೆ, ಹೀಗೆ ಹಿಗ್ಗಿಸುತ್ತಾರೆ. ಹಾಗಾಗಿ ರಜೆಯ ಕೊನೆಯ ಎರಡು ವಾರವನ್ನು ಇದಕ್ಕೇ ಎತ್ತಿಡಿ.

ಎಂಟು ತಿಂಗಳ ಆಸುಪಾಸಿನಲ್ಲಿ ಮಗುವಿಗೆ ಅಮ್ಮ ಕಣ್ಮರೆಯಾದರೆ ಭಯವಾಗಲು ಶುರುವಾಗುತ್ತದೆ. ಒಂದು, ಒಂದೂವರೆ ವರ್ಷದವರೆಗೂ ಈ ಭಯ ಜೋರಾಗಿಯೇ ಇರುತ್ತದೆ. ಇದು ಬೆಳವಣಿಗೆಯ ಭಾಗ. ಮಗು ಆಟಿಕೆ ನೋಡುತ್ತಿರುವಾಗ ಹಿಂದಿನಿಂದ ಮೆಲ್ಲಗೆ ಜಾರಿಕೊಳ್ಳುವುದು ಸುಲಭ ಅನ್ನಿಸಬಹುದು. ಆದರೆ ತಿರುಗಿ ನೋಡಿದಾಗ ನೀವಿಲ್ಲದಿದ್ದರೆ, ಮರುದಿನದಿಂದ ಮಗು ನಿಮ್ಮ ಮೇಲೆ ಕಣ್ಣಿಟ್ಟೇ ಕೂರುತ್ತೆ, ಆಟಕ್ಕೆ ಇಳಿಯೋದೇ ಇಲ್ಲ. "ಅಮ್ಮ ಆಫೀಸಿಗೆ ಹೋಗಿ, ನೀನು ಹಾಲು ಕುಡಿದ ಮೇಲೆ ಬರ್ತೀನಿ ಪುಟ್ಟಾ" ಅಂತ ಹೇಳಿ, ಟಾಟಾ ಮಾಡಿ, ಹೊರಡಿ. ಗೇಟಿನ ಹತ್ತಿರ ನಿಂತು ಮತ್ತೆ ಮತ್ತೆ ಒಳಗೆ ಹೋಗಬೇಡಿ. ಮಗುವಿಗೆ ಗಡಿಯಾರ ಗೊತ್ತಿಲ್ಲ, ಆದರೆ ಹಾಲಿನ ಹೊತ್ತು ಗೊತ್ತು. ಆ ಮಾತನ್ನು ಸಂಜೆ ಉಳಿಸಿಕೊಳ್ಳಿ, ಅಷ್ಟೆ.

ಒಂಬತ್ತೂವರೆಯೊಳಗೆ ಯಾಕೆ ಬರಬೇಕು?

"ದುಡ್ಡು ಕೊಡೋದು ನಾವು, ಹನ್ನೊಂದಕ್ಕೆ ಬಿಟ್ಟರೆ ಇವರಿಗೇನು ತೊಂದರೆ?" ಎಂಬ ಪ್ರಶ್ನೆ ಹಲವರದ್ದು. ಡೇಕೇರ್‌ನ ದಿನ ಸ್ಥೂಲವಾಗಿ ಹೀಗಿರುತ್ತೆ: ಬೆಳಿಗ್ಗೆ ತಿಂಡಿ, ಹೊರಗಿನ ಆಟ, ಹಾಡು-ಕಥೆ, ಹನ್ನೆರಡರ ಸುಮಾರಿಗೆ ಊಟ, ಎರಡು ಗಂಟೆ ನಿದ್ದೆ, ಎದ್ದ ಮೇಲೆ ಹಣ್ಣು ಅಥವಾ ಹಾಲು, ಮತ್ತೆ ಆಟ. ಹನ್ನೊಂದಕ್ಕೆ ಬರುವ ಮಗು ಆಟದ ಹೊತ್ತನ್ನು ಪೂರ್ತಿ ಕಳೆದುಕೊಂಡಿರುತ್ತೆ. ಅಳು ನಿಲ್ಲುವಷ್ಟರಲ್ಲಿ ಊಟ ಬರುತ್ತೆ, ಹಸಿವಿರಲ್ಲ. ಎಲ್ಲರೂ ಮಲಗುವಾಗ ಅದಕ್ಕೆ ನಿದ್ದೆ ಇರಲ್ಲ. ಒಬ್ಬರ ಗಲಾಟೆಗೆ ಉಳಿದವರೂ ಏಳುತ್ತಾರೆ.

ಇನ್ನೊಂದು ಸಾಮಾನ್ಯ ಬೇಡಿಕೆ: "ಮಧ್ಯಾಹ್ನ ಮಲಗಿಸ್ಬೇಡಿ ಮಿಸ್, ರಾತ್ರಿ ಹನ್ನೊಂದಾದ್ರೂ ಮಲಗಲ್ಲ." ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು-ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದರೆ ಎಂಟೇ ಗಂಟೆ. ಉಳಿದದ್ದು ಎಲ್ಲಿಂದ ಬರಬೇಕು? ನಿದ್ದೆ ತಪ್ಪಿಸೋ ಬದಲು, ಹೊತ್ತನ್ನು ಸ್ವಲ್ಪ ಹಿಂದಕ್ಕೆ ತರಬಹುದಾ ಅಂತ ಕೇಳಿ. ರಾತ್ರಿ ಮಗು ಎಷ್ಟು ಹೊತ್ತು ಮಲಗಿತ್ತು ಅನ್ನೋದನ್ನು ಬೆಳಿಗ್ಗೆ ಬಿಡುವಾಗಲೇ ಒಂದು ಮಾತು ಹೇಳಿ. ಮಗು ಇವತ್ತು ಯಾಕೆ ರಚ್ಚೆ ಹಿಡಿದಿದೆ ಅನ್ನೋದು ಅವರಿಗೆ ಅರ್ಥವಾಗುತ್ತೆ.

ಡಬ್ಬಿಯಲ್ಲಿ ಏನಿದೆ?

ನಿಯಮದ ಹಾಳೆಯಲ್ಲಿ ಊಟದ ಬಗ್ಗೆ ಬೇಡಗಳ ಪಟ್ಟಿಯೇ ಇರುತ್ತೆ. ಅದರಲ್ಲಿ ಚಿಪ್ಸ್, ಚಾಕೊಲೇಟ್ ಬೇಡ ಅನ್ನೋದು ಎಲ್ಲರಿಗೂ ಅರ್ಥವಾಗುತ್ತೆ. ಚಿತ್ರಾನ್ನ ಯಾಕೆ ಬೇಡ? ಚಿತ್ರಾನ್ನದ ತಪ್ಪಿಲ್ಲ, ಅದರೊಳಗಿನ ಇಡೀ ಕಡಲೆಬೀಜದ್ದು. ಕಡಲೆಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಗಟ್ಟಿ ಕ್ಯಾರೆಟ್ ತುಂಡು ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ಪಕ್ಕದ ಮಗುವಿಗೆ ಕಡಲೆಬೀಜದ ಅಲರ್ಜಿ ಇರಲೂಬಹುದು, ಮಕ್ಕಳು ಡಬ್ಬಿ ಹಂಚಿಕೊಳ್ಳದೆ ಇರ್ತಾರಾ? ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ ಕಳಿಸಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ, ಅಜ್ಜಿ ಎಷ್ಟೇ ಹೇಳಿದರೂ.

ಎದೆಹಾಲು ಕಳಿಸುವವರು ಬಾಟಲಿಯ ಮೇಲೆ ಹೆಸರು, ದಿನಾಂಕ, ಸಮಯ ಬರೆಯಿರಿ. ಆಗ ತಾನೇ ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಡ್ಜ್‌ನಲ್ಲಿ 4 ದಿನ ಇರಬಹುದು. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. "ಅಷ್ಟು ಕಷ್ಟಪಟ್ಟು ಕಳಿಸಿದ ಹಾಲು ಚೆಲ್ಲಿಬಿಟ್ರಲ್ಲ" ಅಂತ ಬೇಜಾರಾಗೋದು ಸಹಜ. ಅದಕ್ಕೇ ಒಂದು ದೊಡ್ಡ ಬಾಟಲಿಯ ಬದಲು ಎರಡು ಮೂರು ಚಿಕ್ಕವು ಕಳಿಸಿ.

ಬ್ಯಾಗಿನ ಬಗ್ಗೆಯೂ ಒಂದು ಮಾತು. ಎರಡು ಜೊತೆ ಬಟ್ಟೆ, ಡೈಪರ್, ಹೊದಿಕೆ ಎಲ್ಲದರ ಮೇಲೂ ಹೆಸರಿರಲಿ. ಚಿನ್ನದ ಸರ, ಬಳೆ, ಪಿನ್ನಿಗೆ ಸಿಕ್ಕಿಸಿದ ತಾಯತ ಮನೆಯಲ್ಲೇ ಇರಲಿ. ಕಳೆದುಹೋದೀತು ಅನ್ನೋದು ಒಂದು ಚಿಂತೆ. ಕಿತ್ತು ಬಂದ ಮಣಿ, ಬಿಚ್ಚಿದ ಪಿನ್ನು ಮಗುವಿನ ಬಾಯಿಗೆ ಹೋದೀತು ಅನ್ನೋದು ದೊಡ್ಡ ಚಿಂತೆ. ಮಗು ಅಪ್ಪಿಕೊಂಡು ಮಲಗುವ ಅಜ್ಜಿಯ ಹಳೇ ಸೀರೆಯ ತುಂಡು ಇದ್ದರೆ, ಒಂದು ವರ್ಷ ದಾಟಿದವರಿಗೆ ಅದನ್ನು ಕಳಿಸಬಹುದಾ ಅಂತ ಕೇಳಿ.

ಏಳೂವರೆಯ ಪ್ಯಾರಸಿಟಮಾಲ್

ಎಲ್ಲಕ್ಕಿಂತ ಹೆಚ್ಚು ಜಗಳ ತರುವ ನಿಯಮ ಇದು: "ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದೆ ಇದ್ದರೆ ಮಾತ್ರ ಮಗುವನ್ನು ಕರೆತನ್ನಿ." ಹತ್ತು ಗಂಟೆಗೆ ಕ್ಲೈಂಟ್ ಮೀಟಿಂಗ್, ಮಗುವಿನ ಮೈ ಸ್ವಲ್ಪ ಬೆಚ್ಚಗಿದೆ. ಏಳೂವರೆಗೆ ಪ್ಯಾರಸಿಟಮಾಲ್ ಹಾಕಿ, ಎಂಟೂವರೆಗೆ ಬಿಟ್ಟು ಬರುವವರು ಇದ್ದಾರೆ. ಅವರ ಒತ್ತಡ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಆ ಔಷಧಿ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಊಟದ ಹೊತ್ತಿಗೋ ನಿದ್ದೆಯ ಹೊತ್ತಿಗೋ ಜ್ವರ ಮತ್ತೆ ಏರುತ್ತೆ. ಬೆಳಿಗ್ಗೆ ಔಷಧಿ ಹಾಕಿದ್ದು ಡೇಕೇರ್‌ನವರಿಗೆ ಗೊತ್ತಿಲ್ಲ. ಅವರು ಫೋನ್ ಮಾಡ್ತಾರೆ, ನೀವು ಮೀಟಿಂಗ್‌ನಲ್ಲಿ. ಇನ್ನೊಂದು ನಂಬರಿಗೆ ಮಾಡ್ತಾರೆ. ಅತ್ತಲಿಂದ "ಒಂದು ಡೋಸ್ ಕೊಟ್ಟಿರಿ, ಬರ್ತೀನಿ" ಅನ್ನುವ ಅಪ್ಪನಿಗೂ ಬೆಳಗಿನ ಡೋಸಿನ ವಿಷಯ ತಿಳಿದಿಲ್ಲ. ಪುಟ್ಟ ಮೈಗೆ ಅಳತೆ ಮೀರಿ ಔಷಧಿ ಬೀಳುವುದು ಹೀಗೆ.

ಇನ್ನೊಂದು ಅಪಾಯವೂ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 2ರಿಂದ 5ರಷ್ಟು ಮಂದಿಗೆ ಜ್ವರದ ಜೊತೆ ಫಿಟ್ಸ್ ಬರಬಹುದು. ನಿಮ್ಮ ಮಗುವಿಗೆ ಮೊದಲು ಯಾವಾಗಲಾದರೂ ಹೀಗಾಗಿದ್ದರೆ, ಸೇರಿಸುವ ದಿನವೇ ಬರೆದು ಕೊಡಿ. ಹೇಳಿದರೆ ಸೇರಿಸಿಕೊಳ್ಳಲ್ಲವೇನೋ ಅಂತ ಮುಚ್ಚಿಡಬೇಡಿ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು ಅನ್ನೋದು ಅಲ್ಲಿರುವವರಿಗೆ ಗೊತ್ತಿರಬೇಕು.

ಚಿಕನ್ ಪಾಕ್ಸ್ ಆದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲೇ ಇರಬೇಕು. ಕೈ-ಕಾಲು-ಬಾಯಲ್ಲಿ ಗುಳ್ಳೆ ಏಳುವ ಹ್ಯಾಂಡ್ ಫೂಟ್ ಮೌತ್, ಕಣ್ಣುಬೇನೆ, ವಾಂತಿ-ಭೇದಿ ಇದ್ದರೆ ಎಷ್ಟು ದಿನ ಕಳಿಸಬಾರದು ಅಂತ ವೈದ್ಯರನ್ನೇ ಕೇಳಿ. ಒಂದು ಸಮಾಧಾನದ ಮಾತು: ಡೇಕೇರ್‌ಗೆ ಹೋಗುವ ಮಗುವಿಗೆ ಮೊದಲ ವರ್ಷ ಎಂಟು-ಹತ್ತು ಸಲ ನೆಗಡಿ ಆದರೂ ಗಾಬರಿ ಬೀಳಬೇಕಿಲ್ಲ. ಬರೀ ಮೂಗು ಸೋರುತ್ತಿದೆ, ಮಗು ಆಡಿಕೊಂಡಿದೆ ಅಂದ್ರೆ ಹೆಚ್ಚಿನ ಕಡೆ ಕರೆದುಕೊಳ್ತಾರೆ. ಯಾವುದಕ್ಕೆ ಕರೆದುಕೊಳ್ತಾರೆ, ಯಾವುದಕ್ಕೆ ಇಲ್ಲ ಅನ್ನೋದನ್ನು ಸೇರಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಆರೂವರೆಯ ನಂತರ

ಸಿಲ್ಕ್ ಬೋರ್ಡ್‌ನಲ್ಲೋ ಮಾರತಹಳ್ಳಿಯಲ್ಲೋ ಸಿಕ್ಕಿಹಾಕಿಕೊಂಡಾಗ ಗಡಿಯಾರ ನೋಡಿ ಎದೆ ಹೊಡೆದುಕೊಳ್ಳೋದು ಯಾರಿಗೆ ಗೊತ್ತಿಲ್ಲ? ತಡವಾದ್ರೆ ಹೆಚ್ಚುವರಿ ಫೀಸ್ ಬೇರೆ. ಅದನ್ನು ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಅಂತ ನಾವಂದುಕೊಳ್ತೇವೆ. ಅಲ್ಲಿ ನಿಮ್ಮ ಮಗುವಿನ ಜೊತೆ ಕೂತಿರುವ ಆಯಾಗೂ ಮನೆಯಿದೆ, ಮಕ್ಕಳಿದ್ದಾರೆ, ಹಿಡಿಯಬೇಕಾದ ಬಸ್ಸಿದೆ. ಆ ಹೆಚ್ಚುವರಿ ದುಡ್ಡು ಅವರ ಕೈಸೇರುತ್ತಾ ಅಂತ ಒಮ್ಮೆ ಕೇಳಿ ನೋಡಿ. ಎಲ್ಲ ಮಕ್ಕಳೂ ಹೋದ ಮೇಲೆ ಬಾಗಿಲನ್ನೇ ನೋಡುತ್ತಾ ಕೂರುವ ಮಗುವಿಗಂತೂ ಫೀಸಿನ ಲೆಕ್ಕ ಗೊತ್ತಿಲ್ಲ. ದಿನಾ ತಡವಾಗುತ್ತೆ ಅನ್ನಿಸಿದರೆ ಏಳೂವರೆವರೆಗೆ ತೆರೆದಿರುವ ಕಡೆಯೇ ಸೇರಿಸಿ.

ಯಾರು ಕರೆದೊಯ್ಯಬಹುದು ಅನ್ನುವ ಪಟ್ಟಿಯಲ್ಲಿ ಇಬ್ಬರು ಮೂವರ ಹೆಸರು, ಫೋಟೊ ಕೊಟ್ಟಿರಿ. ಊರಿಂದ ಬಂದ ಮಗುವಿನ ಚಿಕ್ಕಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ, ನಿಮಗೆ ಫೋನ್ ಮಾಡಿ ಖಚಿತಪಡಿಸಿಕೊಂಡರೆ ಅವಮಾನ ಅಂದುಕೊಳ್ಳಬೇಡಿ. ಯಾರು ಬಂದರೂ ಮಗುವನ್ನು ಕಳಿಸಿಬಿಡುವ ಡೇಕೇರ್ ಬಗ್ಗೆ ಚಿಂತೆ ಮಾಡಿ.

ಅವರನ್ನು ಕೇಳಬೇಕಾದ್ದು

ನಿಯಮ ಎರಡು ಕಡೆಗೂ ಇದೆ. ಸೇರಿಸುವ ಮೊದಲು ಸಂಕೋಚ ಬಿಟ್ಟು ಇಷ್ಟು ಕೇಳಿ:

ಎಷ್ಟು ಮಕ್ಕಳಿಗೆ ಎಷ್ಟು ಜನ? ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕೊಟ್ಟ ಮಾರ್ಗಸೂಚಿಯಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಎಂದಿದೆ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಇನ್ನೂ ಹೆಚ್ಚು ಕೈಗಳು ಬೇಕು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಇರ್ತಾರೆ. ಮಧ್ಯಾಹ್ನ ಆಯಾಗಳು ಊಟ ಮಾಡುವಾಗ, ಸಂಜೆ ಆರರ ಮೇಲೆ ಎಷ್ಟು ಜನ ಇರ್ತಾರೆ ಅಂತ ಕೇಳಿ.

ಹೇಳದೆ ಕೇಳದೆ ಬಂದರೆ ಒಳಗೆ ಬಿಡ್ತೀರಾ? ಮಗು ಬಿದ್ದರೆ, ಇನ್ನೊಂದು ಮಗು ಕಚ್ಚಿದರೆ ಅದೇ ದಿನ ಬರೆದು ತಿಳಿಸ್ತೀರಾ? ಹತ್ತಿರದ ಆಸ್ಪತ್ರೆ ಯಾವುದು, ಕರೆದೊಯ್ಯೋದು ಯಾರು? ಟಿವಿ ಹಾಕ್ತೀರಾ? ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮಗು ಹಟ ಮಾಡಿದರೆ ಏನು ಮಾಡ್ತೀರಾ? "ಸ್ವಲ್ಪ ಗದರಿಸ್ತೀವಿ, ಒಂದೇಟು ಅಷ್ಟೆ" ಅನ್ನುವ ಉತ್ತರ ಬಂದರೆ ಅಲ್ಲಿಂದಲೇ ಎದ್ದು ಬನ್ನಿ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಹಾಗೇ ನಿಮ್ಮ ಎಚ್‌ಆರ್ ವಿಭಾಗವನ್ನೂ ಒಂದು ಮಾತು ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿದ್ದಷ್ಟೇ ಅಲ್ಲ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಲು ಬಿಡಬೇಕು ಎಂದೂ ಹೇಳಿತು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ನರೇಗಾ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ 2023ರಲ್ಲಿ ಪ್ರಕಟವಾಯಿತು. ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವವರು ಕೇಳೋಕೆ ಯಾಕೆ ನಾಚಿಕೆಪಡಬೇಕು?

ಇವತ್ತು ರಾತ್ರಿಯೇ ಒಂದು ಮಾತು

ಹಾಳೆ ಮನೆಗೆ ಬಂದ ದಿನ ಗಂಡ-ಹೆಂಡತಿ ಇಬ್ಬರೂ ಕೂತು ಓದಿ. ಒಬ್ಬರೇ ಓದಿದರೆ ಜವಾಬ್ದಾರಿಯೂ ಅವರೊಬ್ಬರದ್ದೇ ಆಗಿಬಿಡುತ್ತೆ, ಅದು ಸಾಮಾನ್ಯವಾಗಿ ಯಾರು ಅಂತ ಹೇಳಬೇಕಾಗಿಲ್ಲ. ಓದಿದ ಮೇಲೆ ಒಂದು ವಿಷಯ ತೀರ್ಮಾನ ಮಾಡಿ: ಮಗುವಿಗೆ ಜ್ವರ ಬಂದರೆ ರಜೆ ಹಾಕೋದು ಯಾರು? "ಆಗ ನೋಡಿಕೊಳ್ಳೋಣ" ಅಂದರೆ ಆಗೋದು ಒಂದೇ, ಬೆಳಿಗ್ಗೆ ಏಳೂವರೆಗೆ ಇಬ್ಬರ ಕ್ಯಾಲೆಂಡರ್‌ಗಳ ಜಗಳ, ಮಧ್ಯದಲ್ಲಿ ಬಿಸಿ ಮೈಯ ಮಗು. ಒಂದು ಸಲ ಅಮ್ಮ, ಮುಂದಿನ ಸಲ ಅಪ್ಪ ಅಂತಲೋ, ಸಮಸಂಖ್ಯೆಯ ತಾರೀಖು ಒಬ್ಬರದ್ದು, ಬೆಸ ಇನ್ನೊಬ್ಬರದ್ದು ಅಂತಲೋ ಮೊದಲೇ ಗೊತ್ತುಮಾಡಿ. ಫ್ರಿಡ್ಜ್ ಬಾಗಿಲ ಮೇಲೆ ನಿಯಮದ ಹಾಳೆಯನ್ನೂ, ಅದರ ಪಕ್ಕ ಈ ಸರದಿ ಪಟ್ಟಿಯನ್ನೂ ಅಂಟಿಸಿ. ಔಷಧಿ ಹಾಕಿದ ಸಮಯವನ್ನು ಅಲ್ಲೇ ಪೆನ್ನಿನಲ್ಲಿ ಬರೆಯಿರಿ, ಇಬ್ಬರಿಗೂ ಕಾಣುವ ಹಾಗೆ.