ಕಡತದೊಳಗಿನ ಕಾಣದ ಚೀಟಿ

ಔಷಧದ ಸೀಸೆಯ ಮೇಲೆ ತಯಾರಕನ ಹೆಸರು, ತಾರೀಖು ಇರುವಂತೆ ಗಣಕದಲ್ಲಿ ಬರೆದ ಕಡತಕ್ಕೂ ಒಂದು ಚೀಟಿಯುಂಟು; ಆದರೆ ಅದು ಪುಟದ ಮೇಲೆ ಕಾಣದು. 2003ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರವು ಇರಾಕನ್ನು ಕುರಿತ ವರದಿಯೊಂದನ್ನು ವರ್ಡ್ ಕಡತವಾಗಿಯೇ ಪ್ರಕಟಿಸಿತು. ಅದನ್ನು ತಿದ್ದಿದ ನೌಕರರ ಹೆಸರುಗಳು ಈ ಗುಪ್ತ ಚೀಟಿಯಿಂದ ಬಯಲಾದವು!

ಇಂದಿನ ‘ಡಾಕ್‌ಎಕ್ಸ್’ ಕಡತವು ವಾಸ್ತವವಾಗಿ ಹಲವು ಪುಟ್ಟ ಕಡತಗಳ ಜಿಪ್ ಗಂಟು. ಅವುಗಳಲ್ಲೊಂದು ಕರ್ತೃವಿನ ಹೆಸರನ್ನೂ, ಕೊನೆಗೆ ತಿದ್ದಿದವರ ಹೆಸರನ್ನೂ, ವೇಳೆಯನ್ನೂ ಹೊತ್ತಿರುತ್ತದೆ. ಲಿಬ್ರೆಆಫೀಸಿನ ‘ಫೈಲ್’ ಪಟ್ಟಿಯಲ್ಲಿ ‘ಪ್ರಾಪರ್ಟೀಸ್’ ಒತ್ತಿರಿ. ತೆರೆಯುವ ಕಿಟಕಿಯಲ್ಲಿ ಶೀರ್ಷಿಕೆಯನ್ನು ತಿದ್ದಬಹುದು, ಸ್ವಂತ ವಿವರಗಳನ್ನು ಅಳಿಸಬಹುದು.

ಕಡತವನ್ನು ಪರರಿಗೆ ಕಳುಹಿಸುವ ಮುನ್ನ ಆ ಕಿಟಕಿಯನ್ನು ಒಮ್ಮೆ ನೋಡಿರಿ. ಯಾರು ಬೇಕಾದರೂ ತಿದ್ದಬಲ್ಲ ಚೀಟಿಯಾದುದರಿಂದ, ಅದೊಂದನ್ನೇ ಕರ್ತೃತ್ವದ ಸಾಕ್ಷಿಯೆಂದು ನಂಬದಿರಿ.