ವಿದ್ಯೆಯೂ ಪೊರಕೆಯೂ

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಡಕ್ಕೆ ಒತ್ತಿಕೊಂಡು, ಕೋಟೆಯೊಂದರ ನೆರಳಿನಲ್ಲಿ ಬೆಳೆದ ಟ್ಯೂಬಿಂಗೆನ್ ಎಂಬ ಊರಿನ ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ವಿದ್ಯಾರ್ಥಿಗಳೇ ಸುಮಾರು 28 ಸಾವಿರದಷ್ಟಿರುವುದರಿಂದ, ಬೀದಿಯಲ್ಲಿ ಎದುರಾಗುವ ಮೂವರಲ್ಲಿ ಒಬ್ಬರು ಓದುವವರೆಂದು ಭಾವಿಸಿದರೆ ತಪ್ಪಾಗಲಾರದು. 1477ರಲ್ಲಿ ಸ್ಥಾಪಿತವಾದ ಇಲ್ಲಿನ ವಿಶ್ವವಿದ್ಯಾನಿಲಯಕ್ಕೆ ನಮ್ಮ ಮಾನಸಗಂಗೋತ್ರಿಗಿರುವಂತಹ ಪ್ರತ್ಯೇಕ ಆವರಣವೆಂಬುದಿಲ್ಲ. ವಿಜ್ಞಾನ ವಿಭಾಗಗಳು ಗುಡ್ಡದ ಮೇಲೆ, ಭಾಷೆ ಇತಿಹಾಸಾದಿಗಳು ವಿಲ್‌ಹೆಲ್ಮ್ ಬೀದಿಯ ಇಕ್ಕೆಲಗಳಲ್ಲಿ, ಪುರಾತತ್ತ್ವವು ಹಳೆಯ ಕೋಟೆಯೊಳಗೆ, ಹೀಗೆ ವಿದ್ಯೆಯು ಊರತುಂಬ ಹರಡಿಕೊಂಡು, ರೊಟ್ಟಿಯಂಗಡಿಗೂ ತರಕಾರಿ ಸಂತೆಗೂ ನೆರೆಯಾಗಿ ಬಾಳುತ್ತಿದೆ. ಇಂತಹ ಊರಿಗೆ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಬಂದಿಳಿಯುವ ತರುಣನ ದಿನಚರಿಯನ್ನು ಸಮೀಪದಿಂದ ನೋಡಿದವರಿಗೆ, ಅವನು ಕಲಿಯಲು ಬಂದದ್ದೊಂದು, ಊರು ಅವನಿಗೆ ಕಲಿಸುವುದು ಮತ್ತೊಂದು ಎಂಬ ಸಂಗತಿ ಬಹುಬೇಗ ಗೋಚರವಾಗುತ್ತದೆ.

ಮೊದಲ ಪಾಠ ಹಣದ್ದು. ಜರ್ಮನಿಯ ವೀಸಾ ಬೇಡುವ ವಿದ್ಯಾರ್ಥಿಯು ಒಂದು ವರ್ಷದ ಜೀವನೋಪಾಯಕ್ಕೆ 11,904 ಯೂರೋಗಳನ್ನು ಮುಂಚಿತವಾಗಿಯೇ ಪ್ರತಿಬಂಧಿತ ಖಾತೆಯೊಂದರಲ್ಲಿ ಇಡಬೇಕೆಂಬ ನಿಯಮವು 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಹಣ ತನ್ನದೇ ಆದರೂ ಅದು ಕೈಗೆ ಬರುವುದು ತಿಂಗಳಿಗೆ 992 ಯೂರೋಗಳ ಕಂತಿನಲ್ಲಿ ಮಾತ್ರ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ದೂರವಾಣಿ, ದಿನಸಿ ಎಲ್ಲವೂ ಈ ಕಂತಿನೊಳಗೇ ಅಡಗತಕ್ಕದ್ದು. ಇದರ ಮೇಲೆ, ಯೂರೋಪು ಒಕ್ಕೂಟದ ಹೊರಗಿನಿಂದ ಬಂದವರಿಗೆ ಈ ಊರಿರುವ ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಅವಧಿಯಿಂದ ಆರು ತಿಂಗಳಿಗೆ 1,500 ಯೂರೋಗಳ ಬೋಧನಶುಲ್ಕವನ್ನು ವಿಧಿಸಿದೆ. ಬಿಡುವಿನ ವೇಳೆಯಲ್ಲಿ ದುಡಿಯಬಹುದು, ಆದರೆ ವರ್ಷಕ್ಕೆ 140 ಪೂರ್ಣ ದಿನಗಳು ಅಥವಾ 280 ಅರ್ಧ ದಿನಗಳ ಮಿತಿಯೊಳಗೆ. ಊರಿನಲ್ಲಿ ತಂದೆಯ ಜೇಬನ್ನೇ ಖಜಾನೆಯೆಂದು ತಿಳಿದು ಬೆಳೆದವನು, ಇಲ್ಲಿ ಟೊಮೆಟೊ ಹಣ್ಣಿನ ಬೆಲೆಯನ್ನು ಎರಡು ಅಂಗಡಿಗಳಲ್ಲಿ ಹೋಲಿಸಿ ನೋಡಿದ ಬಳಿಕವೇ ಚೀಲಕ್ಕೆ ಹಾಕಿಕೊಳ್ಳುವವನಾಗಿ ಪರಿವರ್ತನೆ ಹೊಂದಲು ಬಹಳ ಕಾಲವೇನೂ ಬೇಕಾಗುವುದಿಲ್ಲ. ಬರಿದಾದ ನೀರಿನ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಒಪ್ಪಿಸಿದರೆ ಠೇವಣಿಯ 25 ಸೆಂಟುಗಳು ಮರಳಿ ದೊರೆಯುತ್ತವೆಂದು ಅರಿತ ಮೇಲೆ, ಕೋಣೆಯ ಮೂಲೆಯಲ್ಲಿ ಬಾಟಲಿಗಳ ಸಣ್ಣ ಸೈನ್ಯವೊಂದು ತಿಂಗಳ ಕೊನೆಯ ಕಷ್ಟಕಾಲಕ್ಕೆಂದು ಸನ್ನದ್ಧವಾಗಿ ನಿಂತಿರುತ್ತದೆ.

ತರಗತಿಯ ಕಾಲಗಣನೆಯೂ ಹೊಸತು. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯೆಂದಿದ್ದರೆ ಉಪನ್ಯಾಸ ಆರಂಭವಾಗುವುದು ಸಾಮಾನ್ಯವಾಗಿ ಹತ್ತೂಕಾಲಿಗೆ. ಈ ಕಾಲು ಗಂಟೆಯು ವಿಶ್ವವಿದ್ಯಾನಿಲಯದ ಪುರಾತನ ಸಂಪ್ರದಾಯದಿಂದ ದತ್ತವಾದ ಅವಕಾಶ. ಆದರೆ ಹತ್ತೂಕಾಲು ಎಂದರೆ ಹತ್ತೂಕಾಲೇ ಹೊರತು, ಅದರ ಮೇಲೆ ನಮ್ಮ ಕಡೆಯ ಇನ್ನೊಂದು ಕಾಲು ಗಂಟೆಯನ್ನು ಸೇರಿಸಿಕೊಳ್ಳುವಂತಿಲ್ಲ. ಉಪನ್ಯಾಸ ಮುಗಿದೊಡನೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟದೆ ಬೆರಳ ಗೆಣ್ಣುಗಳಿಂದ ಮೇಜನ್ನು ಕುಟ್ಟುವುದನ್ನು ಕಂಡು, ಹೊಸಬನು ಇದೇನು ಪ್ರತಿಭಟನೆಯೋ ಎಂದು ಕ್ಷಣಕಾಲ ಗಾಬರಿಯಾಗುವುದುಂಟು. ಪರೀಕ್ಷೆಯಲ್ಲಿ 1.0 ಎಂಬುದು ಅತ್ಯುತ್ತಮ, 4.0 ಎಂಬುದು ತೇರ್ಗಡೆಯ ಕೊನೆಯ ಮೆಟ್ಟಿಲು; ಅಂಕ ಏರಿದಷ್ಟೂ ಕೀರ್ತಿ ಇಳಿಯುವ ಈ ಕ್ರಮವನ್ನು ಊರಿನಲ್ಲಿರುವ ತಾಯಿಗೆ ದೂರವಾಣಿಯಲ್ಲಿ ವಿವರಿಸುವುದು ಪರೀಕ್ಷೆ ಬರೆಯುವುದಕ್ಕಿಂತ ಕಠಿಣವಾದ ಕೆಲಸ. ಹಾಜರಿ ಕೂಗುವವರು ಅನೇಕ ತರಗತಿಗಳಲ್ಲಿ ಇಲ್ಲ. ಓದಿದೆಯಾ ಎಂದು ಕೇಳುವವರೂ ಇಲ್ಲ. ಈ ಸ್ವಾತಂತ್ರ್ಯವನ್ನು ವಿಶ್ರಾಂತಿಯೆಂದು ಬಗೆದವನಿಗೆ ಫೆಬ್ರವರಿಯ ಪರೀಕ್ಷೆಗಳು ತಕ್ಕ ಉತ್ತರವನ್ನು ಕೊಡುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಪಾಠಶಾಲೆ ಅಡುಗೆಮನೆ. ಊರಿನ ಉತ್ತರಕ್ಕೆ ವಾಲ್ಡ್‌ಹೊಯ್ಸರ್ ಓಸ್ಟ್ ಎಂಬ ಗುಡ್ಡದ ಮೇಲಿರುವ ವಿದ್ಯಾರ್ಥಿನಿಲಯಗಳಲ್ಲಿ ಕೋಣೆ ಒಬ್ಬೊಬ್ಬನಿಗೆ ಬೇರೆ ಬೇರೆಯಾದರೂ, ಒಲೆ ಮಾತ್ರ ಅಂತಸ್ತಿನವರಿಗೆಲ್ಲ ಸಮಾನ. ಒಂದು ಕಡೆ ಕೊರಿಯಾದವನ ಹುದುಗೆಬ್ಬಿಸಿದ ಕೋಸು, ಇನ್ನೊಂದು ಕಡೆ ಇಟಲಿಯವಳ ಪಾಸ್ತಾ, ಇವುಗಳ ನಡುವೆ ನಮ್ಮವನ ಸಾಸಿವೆ ಕರಿಬೇವಿನ ಒಗ್ಗರಣೆಯು ಚಟಪಟನೆ ಸಿಡಿದು ಹೊಗೆಯೆದ್ದಿತೆಂದರೆ, ಸೂರಿಗೆ ಅಂಟಿಸಿದ ಹೊಗೆಗಂಟೆ ಇಡೀ ಅಂತಸ್ತನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದೆ ಕಿಟಕಿ ತೆರೆದ ಹೊರತು ಎಣ್ಣೆ ಕಾಯಿಸಬಾರದೆಂಬ ವಿವೇಕವು ತಾನಾಗಿಯೇ ಮೂಡುತ್ತದೆ. ಈ ಊರನ್ನೊಳಗೊಂಡ ಸ್ವಾಬಿಯಾ ಪ್ರಾಂತದ ಪ್ರಸಿದ್ಧ ಭಕ್ಷ್ಯವಾದ ಮೌಲ್‌ಟಾಶೆನ್ ಹೊರಗಿನಿಂದ ನೋಡಿದರೆ ನಿರಪರಾಧಿಯಾದ ಹಿಟ್ಟಿನ ಮಡಿಕೆ. ಒಳಗೆ ಸಾಮಾನ್ಯವಾಗಿ ಮಾಂಸ. ಸಸ್ಯಾಹಾರಿಗಳು ಚೀಸು ಬೆರೆಸಿದ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸನ್ನೋ, ವಿಶ್ವವಿದ್ಯಾನಿಲಯದ ಭೋಜನಶಾಲೆಯಾದ ಮೆನ್ಸಾದ ಸಸ್ಯಾಹಾರದ ಸಾಲನ್ನೋ ಆಶ್ರಯಿಸುತ್ತಾರೆ. ಅಂಗಡಿಯ ಊಟವನ್ನು ಬಿಸಾಡುವ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳುವುದಕ್ಕೆ ಈ ನಗರವು 2022ರ ಜನವರಿಯಿಂದ ಪೊಟ್ಟಣವೊಂದಕ್ಕೆ 50 ಸೆಂಟುಗಳ ತೆರಿಗೆಯನ್ನು ಹೇರಿದೆ. ಉಪಾಹಾರ ಸಂಸ್ಥೆಯೊಂದು ಇದನ್ನು ಪ್ರಶ್ನಿಸಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೋದರೂ, 2025ರ ಜನವರಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ ದೇಶದ ಸಂವಿಧಾನ ನ್ಯಾಯಾಲಯವು ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ಹೀಗಾಗಿ, ಶಾಲೆಯ ದಿನಗಳ ಬಳಿಕ ಮರೆತಿದ್ದ ಬುತ್ತಿಡಬ್ಬಿಯು ವಿದ್ಯಾರ್ಥಿಯ ಚೀಲದೊಳಗೆ ಪುನಃ ಪ್ರತಿಷ್ಠಾಪನೆಗೊಳ್ಳುತ್ತದೆ.

ಅಡುಗೆ ಮುಗಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಗೋಡೆಯ ಮೇಲೆ ಪಾಳಿಯ ಪಟ್ಟಿಯೊಂದು ತೂಗುತ್ತಿರುತ್ತದೆ: ಈ ವಾರ ಒಲೆ ಒರೆಸುವವರು ಯಾರು, ನೆಲ ತೊಳೆಯುವವರು ಯಾರು, ಕಾಗದ, ಗಾಜು, ಪ್ಲಾಸ್ಟಿಕ್ಕು, ಕೊಳೆಯುವ ಕಸ ಇವುಗಳನ್ನು ಬೇರೆ ಬೇರೆಯಾಗಿ ಹೊರಗಿಡುವವರು ಯಾರು. ಖಾಸಗಿ ಮನೆಯಲ್ಲಿ ಬಾಡಿಗೆಗೆ ಇದ್ದರೆ, ಸರದಿ ಬಂದ ವಾರ ಬಾಗಿಲಿಗೆ ಕೇರ್‌ವೋಖೆ ಎಂಬ ಫಲಕ ಬಂದು ನೇತಾಡುತ್ತದೆ. ಆ ವಾರ ಮೆಟ್ಟಿಲು, ಅಂಗಳ, ಮನೆಯ ಮುಂದಣ ಕಾಲುದಾರಿ ಇವನ್ನು ಗುಡಿಸುವ ಹೊಣೆ, ಹಿಮ ಬಿದ್ದರೆ ಅನೇಕ ಕಡೆ ಅದನ್ನು ಬದಿಗೆ ಸರಿಸುವ ಹೊಣೆಯೂ ಕೂಡ, ಆ ಮನೆಯವರದು. ಈ ಪದ್ಧತಿಯ ಮೂಲವನ್ನು 1492ರ ಸ್ಟುಟ್‌ಗಾರ್ಟ್ ನಗರಶಾಸನದಲ್ಲಿ, ಪ್ರತಿಯೊಬ್ಬನೂ ವಾರಕ್ಕೊಮ್ಮೆ ತನ್ನ ಕಸವನ್ನು ಸಾಗಿಸತಕ್ಕದ್ದೆಂಬ ವಿಧಿಯಲ್ಲಿ, ಅಲ್ಲಿನವರು ಗುರುತಿಸುತ್ತಾರೆ. ಆಗ ವ್ಯೂರ್ಟೆಂಬರ್ಗನ್ನು ಆಳುತ್ತಿದ್ದವನು ಗಡ್ಡದ ಎಬರ್‌ಹಾರ್ಡನೆಂದು ಹೆಸರಾದ ದೊರೆ. ಅದಕ್ಕೆ ಹದಿನೈದು ವರ್ಷ ಮೊದಲು ಟ್ಯೂಬಿಂಗೆನ್ನಿನ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವನೂ ಅವನೇ. ಒಂದೇ ಆಳ್ವಿಕೆಯಲ್ಲಿ ವಿದ್ಯಾಪೀಠವೂ ಪೊರಕೆಯ ಶಾಸನವೂ ಹೊರಟದ್ದು ಕಾಕತಾಳೀಯವೇ ಇರಬಹುದು; ಆದರೆ ಐದು ಶತಮಾನಗಳಾದ ಮೇಲೂ ಇಲ್ಲಿ ಅವೆರಡೂ ಒಂದೇ ಕೈಯಲ್ಲಿ ಉಳಿದುಬಂದಿವೆಯೆಂಬುದು ನಮ್ಮಂಥವರು ಗಮನಿಸತಕ್ಕ ವಿಷಯ.

ಏಕೆಂದರೆ ನಮ್ಮ ಮನೆಗಳಲ್ಲಿ ವಿದ್ಯೆಯೆಂಬುದು ಮೈಶ್ರಮದಿಂದ ಬಿಡುಗಡೆ ಕೊಡುವ ವಿನಾಯಿತಿ. ‘ಓದುವ ಹುಡುಗ, ಅವನಿಗೆ ಕೆಲಸ ಹೇಳಬೇಡಿ’ ಎಂಬ ಮಮತೆಯ ಮಾತಿನ ನೆರಳಿನಲ್ಲಿ ಬೆಳೆದವನು ಇಪ್ಪತ್ತೆರಡನೆಯ ವಯಸ್ಸಿನವರೆಗೆ ತಾನುಂಡ ತಟ್ಟೆಯನ್ನು ತೊಳೆಯದೆಯೇ ಪದವೀಧರನಾಗಬಲ್ಲನು. ಅವನ ಪಾಲಿನ ಪೊರಕೆಯನ್ನು ತಾಯಿಯೋ ತಂಗಿಯೋ, ಸಂಬಳದ ಹೆಂಗಸೊಬ್ಬಳೋ ಹಿಡಿದಿರುತ್ತಾಳೆ. ಕಾಯಕದ ಘನತೆಯನ್ನು 12ನೆಯ ಶತಮಾನದಲ್ಲಿಯೇ ಸಾರಿದ ನಾಡಿನಲ್ಲಿ ಬಚ್ಚಲು ಉಜ್ಜುವ ಕೆಲಸಕ್ಕೆ ಇಂದಿಗೂ ಜಾತಿಯ, ಹೆಣ್ಣುತನದ ಮುದ್ರೆ ಅಂಟಿಕೊಂಡೇ ಇದೆ. ಇಲ್ಲಿಯಾದರೋ ಪಾಳಿಯ ಪಟ್ಟಿಗೆ ಸಂಶೋಧಕನೂ ಮೊದಲ ವರ್ಷದವನೂ ಒಂದೇ. ಕೊಳೆ ತೊಳೆಯುವ ಕೆಲಸ ವಿದ್ಯೆಗೆ ಹೊರತಲ್ಲವೆಂಬುದಕ್ಕೆ ಟ್ಯೂಬಿಂಗೆನ್ನಿನ ಕೋಟೆಯಲ್ಲಿ ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕೋಣೆಯೊಂದು ಸಾಕ್ಷಿಯಾಗಿದೆ. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣನು, ಆಸ್ಪತ್ರೆಯಿಂದ ತಂದ ಬ್ಯಾಂಡೇಜುಗಳಿಗೆ ಅಂಟಿದ್ದ ಕೀವನ್ನು ತೊಳೆದು ತೆಗೆದು, ಜೀವಕೋಶದ ಗರ್ಭದಿಂದ ನಾವಿಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಮೊಟ್ಟಮೊದಲು ಬೇರ್ಪಡಿಸಿದ್ದು ಅಲ್ಲಿಯೇ. ಹೇಸಿಗೆಯೆಂದು ಮೂಗು ಮುಚ್ಚಿಕೊಂಡಿದ್ದರೆ ಆ ಆವಿಷ್ಕಾರ ಅವನ ಪಾಲಿಗೆ ಬರುತ್ತಿರಲಿಲ್ಲ.

ಹಾಗೆಂದು ಈ ಶಿಸ್ತಿಗೆ ತೆರಬೇಕಾದ ಬೆಲೆಯೇ ಇಲ್ಲವೆಂದಲ್ಲ. ಭಾನುವಾರವೆಂದರೆ ಅಂಗಡಿಗಳು ಮುಚ್ಚಿ, ಊರು ನಿಶ್ಶಬ್ದವಾಗಿ, ಗಟ್ಟಿಯಾಗಿ ಹಾಡು ಹಾಕಿದರೆ ನೆರೆಯವರು ಬಾಗಿಲು ತಟ್ಟುವ ದಿನ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯನು ಅಸ್ತಮಿಸಿದ ಮೇಲೆ, ಯಾರೂ ಹೇಳದೆ ಕೇಳದೆ ಮನೆಗೆ ನುಗ್ಗುವ ನೆಂಟರಿಲ್ಲದ, ಸುಮ್ಮನೆ ಹರಟಲು ಕಟ್ಟೆಯಿಲ್ಲದ ಆ ದೀರ್ಘ ಸಂಜೆಗಳು ಎಂತಹ ಧೀರನನ್ನೂ ಕುಗ್ಗಿಸುತ್ತವೆ. ಪಾಠವು ಇಂಗ್ಲಿಷಿನಲ್ಲಿದ್ದರೂ ನಗರಾಡಳಿತದ ಕಾಗದ, ಬಸ್ಸಿನ ಜಗಳ, ಅಡುಗೆಮನೆಯ ಹಾಸ್ಯ ಎಲ್ಲವೂ ಜರ್ಮನಿನಲ್ಲಿ. ಆ ಭಾಷೆಯನ್ನು ಕಲಿಯದವನು ವರ್ಷಗಟ್ಟಲೆ ಇದ್ದರೂ ಅತಿಥಿಯಾಗಿಯೇ ಉಳಿಯುತ್ತಾನೆ. ಕಲಿತವನಿಗೆ ಬೇಸಗೆಯು ಬೇರೆಯೇ ಊರನ್ನು ತೋರಿಸುತ್ತದೆ. ಜಲ್ಲೆಯಿಂದ ನೂಕಿ ನಡೆಸುವ ಉದ್ದನೆಯ ದೋಣಿಗಳ ಪಂದ್ಯವು ಜೂನ್ ಹೊತ್ತಿಗೆ ಬರುವ ಕ್ರೈಸ್ತ ಹಬ್ಬವೊಂದರ ದಿನ ನೆಕ್ಕರಿನಲ್ಲಿ ನಡೆದಾಗ, ಸೋತ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆಯನ್ನು ಜನರೆದುರಿನಲ್ಲಿ ಕುಡಿಯಬೇಕೆಂಬ ಶಿಕ್ಷೆಯನ್ನು ಕಂಡವರು, ಈ ಗಂಭೀರ ಜನರಿಗೆ ನಗೆ ತಿಳಿಯದೆಂದು ಮತ್ತೆಂದೂ ಹೇಳುವುದಿಲ್ಲ.

ಭಾಷೆಯ ಈ ಕಷ್ಟವನ್ನು ಎದುರು ದಿಕ್ಕಿನಿಂದ ಅನುಭವಿಸಿದವರು ಇದೇ ಊರಿನಲ್ಲಿದ್ದರೆಂಬುದು ಕನ್ನಡಿಗನಿಗೆ ಧೈರ್ಯ ಕೊಡಬೇಕು. ಇಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಹೋಗಿ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮದ ಬಾಗಿಲನ್ನು ತೆರೆದನು, 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿದ ಫರ್ಡಿನೆಂಡ್ ಕಿಟ್ಟೆಲ್ಲನಿಗೆ ಈ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನಿತ್ತಿತು, ಮತ್ತು 1903ರಲ್ಲಿ ಅವನು ತೀರಿಕೊಂಡದ್ದೂ ಈ ಊರಿನಲ್ಲಿಯೇ. ತಾಯಿನುಡಿಯಲ್ಲದ ನುಡಿಯನ್ನು ಪ್ರಾಯ ಬಂದ ಮೇಲೆ ಕಲಿತು, ಅದರವರಿಗೇ ಉಪಕಾರಿಯಾಗುವಷ್ಟು ಕಲಿಯಬಹುದೆಂಬುದಕ್ಕೆ ಇವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೊರಡುವವನನ್ನು ವೀಸಾ ಕಚೇರಿಯು ಹಣದ ಪುರಾವೆ ಕೇಳುತ್ತದೆ, ವಿಶ್ವವಿದ್ಯಾನಿಲಯವು ಅಂಕಪಟ್ಟಿ ಕೇಳುತ್ತದೆ. ಅನ್ನ ಮಾಡಲು, ಬಟ್ಟೆ ಒಗೆಯಲು, ಬಚ್ಚಲು ಉಜ್ಜಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಒಂದು ವರ್ಷ ಮುಂಚಿತವಾಗಿ ಮನೆಯವರೇ ಕೇಳುವುದು ಲೇಸು. ಹೆಣ್ಣುಮಗಳನ್ನು ಕೇಳುವಷ್ಟೇ ಸಹಜವಾಗಿ ಗಂಡುಮಗನನ್ನೂ ಕೇಳುವ ಅಭ್ಯಾಸವಾದರೆ, ಯೂರೋಪಿಗೆ ಹೋಗದೆ ಊರಿನಲ್ಲಿಯೇ ಉಳಿದ ಮಗನಿಗೂ, ಅವನ ಕೈಹಿಡಿಯಲಿರುವವಳಿಗೂ, ಆ ಪಾಠದ ಫಲ ದೊರೆಯದೆ ಇರದು.