ಗಂಟಲಲ್ಲಿ ಸಿಲುಕಿದಂತಿರುವುದು ಏನು?

ಗಂಟಲಲ್ಲಿ ಏನೋ ಸಿಲುಕಿದಂತಿದೆ, ಕೆಮ್ಮಿದರೂ ಹೊರಬಾರದು, ನುಂಗಿದರೂ ಇಳಿಯದು ಎನ್ನುವ ಅನೇಕರನ್ನು ನಾವು ಕಾಣುತ್ತೇವೆ. ಅವರನ್ನು ಒಳಗೊಳಗೇ ಕಾಡುವುದು ಕ್ಯಾನ್ಸರಿನ ಭಯ. ಆದರೆ ಅನ್ನ, ನೀರು ಸಲೀಸಾಗಿ ಇಳಿದು, ಬರಿಯ ಉಗುಳು ನುಂಗುವಾಗ ಮಾತ್ರ ಗಂಟಿದ್ದಂತೆ ತೋರಿದರೆ ಅದು ಬಹುಮಟ್ಟಿಗೆ ಗೆಡ್ಡೆಯಲ್ಲ. ಜಠರದಿಂದ ಮೇಲೇರುವ ಆಮ್ಲವು ಇದರ ಸಾಮಾನ್ಯ ಕಾರಣಗಳಲ್ಲೊಂದು.

ಅನ್ನನಾಳದ ಕೆಳತುದಿಯ ಸ್ನಾಯುಬಳೆ ಸಡಿಲಗೊಂಡಾಗ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಮೇಲಕ್ಕೆ ಬರುತ್ತವೆ. ಅನ್ನನಾಳವು ಇದನ್ನು ಕೊಂಚ ತಾಳಿಕೊಂಡೀತು. ಗಂಟಲಿನ ಒಳಪೊರೆಗೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದಲೇ ಎದೆಯುರಿ ಇಲ್ಲದವರಿಗೂ ಗಂಟಲ ಕೆರೆತ, ಬೆಳಗಿನ ಒಡಕುದನಿ ಬರಬಹುದು. ಪದೇ ಪದೇ ಕ್ಯಾಕರಿಸಿದರೆ ಕೆರೆತ ಹೆಚ್ಚುವುದೇ ಹೊರತು ತಗ್ಗದು. ಚಿಂತೆಯೂ ಗಂಟಲ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಎಲ್ಲಕ್ಕೂ ಆಮ್ಲವನ್ನೇ ಹೊಣೆಮಾಡಿ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಸರಿಯೆಂದು ನಮಗೆ ತೋರದು.

ರಾತ್ರಿಯೂಟ ಮಲಗುವುದಕ್ಕೆ 3 ಗಂಟೆ ಮೊದಲೇ ಮುಗಿಯಲಿ. ಮಂಚದ ತಲೆಭಾಗವನ್ನು ಇಟ್ಟಿಗೆಯಿಟ್ಟು 15–20 ಸೆಂ.ಮೀ. ಎತ್ತರಿಸಬಹುದು, ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿಕೊಂಡು ಪ್ರಯೋಜನವಾಗದು. ತಂಬಾಕನ್ನು ಬಿಡಲೇಬೇಕು. ಊಟ ತಡೆದು ನಿಂತರೆ, ನುಂಗುವಾಗ ನೋವಾದರೆ, ತೂಕ ಇಳಿದರೆ, ರಕ್ತ ಕಂಡರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, 3 ವಾರ ಮೀರಿಯೂ ಸ್ವರ ಸರಿಹೋಗದಿದ್ದರೆ, ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು.